ಪ್ರವೇಶಾತಿಯಲ್ಲಿ ಸಂಕಷ್ಟದ ಪರಿಗಣನೆ

ಪ್ರವೇಶಾತಿಯಲ್ಲಿ ಸಂಕಷ್ಟದ ಪರಿಗಣನೆ: ಬಡತನ, ಅಂಗವೈಕಲ್ಯ, ದೀರ್ಘ ಕಾಯಿಲೆ, ತಂದೆತಾಯಿಯ ಸಾವು, ವಲಸೆ, ಸೌಕರ್ಯವಿಲ್ಲದ ಊರಿನ ಓದು ಇವೇ ಮೊದಲಾದ ಕಾರಣಗಳಿಂದ ಅಂಕಗಳಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ಅಥವಾ ವೃತ್ತಿಶಿಕ್ಷಣ ಕಾಲೇಜು ಸೇರುವಾಗ ದೊರೆಯುವ ವಿಶೇಷ ಅವಕಾಶ. ಸೀಟಿನ ಮೀಸಲು, ಅರ್ಹತಾ ಅಂಕದಲ್ಲಿ ಸಡಿಲಿಕೆ, ಮಂಜೂರಾದ ಸಂಖ್ಯೆಯ ಮೇಲೆ ಕೊಡುವ ಹೆಚ್ಚುವರಿ ಸೀಟು, ಶುಲ್ಕ ವಿನಾಯಿತಿ, ಮರುಪರೀಕ್ಷೆ ಹೀಗೆ ಇದು ಹಲವು ರೂಪಗಳಲ್ಲಿ ಇದೆ. ಆಸ್ಟ್ರೇಲಿಯಾ, ಬ್ರಿಟನ್, ಐರ್ಲೆಂಡ್‌ಗಳಲ್ಲಿ ವಿದ್ಯಾರ್ಥಿ ತನಗೊದಗಿದ ಕಷ್ಟವನ್ನು ಬರೆದು ತಿಳಿಸಿ, ದಾಖಲೆ ಲಗತ್ತಿಸಿ ಪರಿಗಣನೆ ಕೇಳುವ ಪದ್ಧತಿ ಬೆಳೆದಿದೆ. ಕರ್ನಾಟಕದ ದಾರಿ ಬೇರೆ. ಇಲ್ಲಿ ಕಷ್ಟವನ್ನು ವಿವರಿಸುವ ಅರ್ಜಿಗಿಂತ ಕಷ್ಟದ ವರ್ಗವನ್ನು ಸಾಬೀತು ಮಾಡುವ ಸರ್ಟಿಫಿಕೇಟಿಗೆ ಬೆಲೆ. ಜಾತಿ, ಆದಾಯ, ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ, ಅಂಗವೈಕಲ್ಯ ಇವುಗಳಲ್ಲಿ ಯಾವ ಕಾಗದ ಕೈಯಲ್ಲಿದೆ ಎಂಬುದರ ಮೇಲೆ ಸೀಟು ನಿಲ್ಲುತ್ತದೆ. ಈ ಪದ್ಧತಿಯ ಬಲವೂ ಅದರ ದೊಡ್ಡ ಕೊರತೆಯೂ ಸ್ಪಷ್ಟವಾಗಿ ಕಾಣುವ ಜಾಗಗಳಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ಒಂದು.

ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ ಹಿಂದುಳಿದವರಿಗೆ ವಿಶೇಷ ಅವಕಾಶ ನೀಡುವ ಚರ್ಚೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ ನೇಮಿಸಿದ ಸರ್ ಲೆಸ್ಲಿ ಮಿಲ್ಲರ್ ಸಮಿತಿಯಿಂದ ಗಟ್ಟಿರೂಪ ಪಡೆಯಿತು. ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಗಿ (1916) ಆಗ ಎರಡೇ ವರ್ಷ. ಸಮಿತಿಯ ಮುಖ್ಯ ಗಮನ ಸರ್ಕಾರಿ ನೌಕರಿಯ ಮೇಲಿದ್ದರೂ ನೌಕರಿಯ ಬಾಗಿಲು ಶಾಲೆ ಕಾಲೇಜುಗಳಲ್ಲಿದೆ ಎಂಬ ಅರಿವು ಅದಕ್ಕಿತ್ತು.

ಸ್ವಾತಂತ್ರ್ಯಾನಂತರ ಈ ವಿಷಯದಲ್ಲಿ ಇಡೀ ದೇಶಕ್ಕೆ ದಾರಿ ತೋರಿದ ತೀರ್ಪುಗಳಲ್ಲಿ ಹಲವು ನಮ್ಮ ರಾಜ್ಯದ ಕಾಲೇಜು ಸೀಟುಗಳಿಂದಲೇ ಹುಟ್ಟಿದವು. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಶೇ 68ರಷ್ಟು ಸೀಟುಗಳನ್ನು ಮೀಸಲಿಟ್ಟ ಆದೇಶವನ್ನು ಸುಪ್ರೀಂ ಕೋರ್ಟ್ 1962ರಲ್ಲಿ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ರದ್ದುಮಾಡಿತು. ಜಾತಿಯೊಂದನ್ನೇ ಹಿಂದುಳಿದಿರುವಿಕೆಯ ಅಳತೆಗೋಲಾಗಿ ಹಿಡಿಯುವಂತಿಲ್ಲ ಎಂದಿತು. ಸರ್ಕಾರ ಮರುವರ್ಷವೇ ಹೊಸ ಅಳತೆ ತಂದಿತು: ಕುಟುಂಬದ ವಾರ್ಷಿಕ ಆದಾಯ 1,200 ರೂಪಾಯಿ ಮೀರಿರಬಾರದು, ಕಸುಬು ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಕರಕುಶಲ ಕೆಲಸ ಅಥವಾ ಮೈಮುರಿದು ಮಾಡುವ ದುಡಿಮೆಯಾಗಿರಬೇಕು. ಈ ಅಳತೆಯನ್ನು ನ್ಯಾಯಾಲಯ 1964ರ ಆರ್. ಚಿತ್ರಲೇಖಾ ಪ್ರಕರಣದಲ್ಲಿ ಒಪ್ಪಿತು. ಮನೆಯ ಕಷ್ಟವನ್ನು ದುಡಿಮೆ ಮತ್ತು ವರಮಾನದಿಂದ ಅಳೆಯುವ ಕ್ರಮ ನಮ್ಮಲ್ಲಿ ಇಷ್ಟು ಹಳೆಯದು ಎಂಬುದನ್ನು ಇವತ್ತಿನ ಚರ್ಚೆಗಳು ಮರೆತಂತಿದೆ. ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಲದಲ್ಲಿ ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟ ಬಳಿಕ ಹೊರಟ ಆದೇಶದಲ್ಲೂ ಹಿಂದುಳಿದ ಜಾತಿಗಳ ಪಟ್ಟಿಯ ಜೊತೆಗೆ ಕಸುಬು ಮತ್ತು ಆದಾಯವನ್ನು ಆಧರಿಸಿದ 'ವಿಶೇಷ ಗುಂಪು' ಒಂದಿತ್ತು.

ಚಿತ್ರಲೇಖಾ ಪ್ರಕರಣಕ್ಕೆ ಇನ್ನೊಂದು ಮುಖವಿದೆ. ಆಗ ಸೀಟಿಗೆ ಸಂದರ್ಶನದ ಅಂಕಗಳೂ ಸೇರುತ್ತಿದ್ದವು. ನ್ಯಾಯಾಲಯ ಅದನ್ನೂ ಎತ್ತಿಹಿಡಿಯಿತು. ಆದರೆ ಸಂದರ್ಶಕರ ಮರ್ಜಿ, ಶಿಫಾರಸು, ಡೊನೇಷನ್ ಇವುಗಳ ಮೇಲಿನ ಅಪನಂಬಿಕೆ ಜನರಲ್ಲಿ ಬೆಳೆಯುತ್ತಲೇ ಹೋಯಿತು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಬಂತು. ಖಾಸಗಿ ಕಾಲೇಜುಗಳ ಶುಲ್ಕವನ್ನು ಕುರಿತ ಸುಪ್ರೀಂ ಕೋರ್ಟಿನ ಮೋಹಿನಿ ಜೈನ್ (1992) ಮತ್ತು ಉನ್ನಿಕೃಷ್ಣನ್ (1993) ತೀರ್ಪುಗಳ ಬೆನ್ನಿಗೆ 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಶುರುವಾಯಿತು. ಈಗ ಅದನ್ನು ನಡೆಸುವುದು ಮಲ್ಲೇಶ್ವರದಲ್ಲಿ ಕಚೇರಿ ಇರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಸಿಇಟಿ ತಂದ ಬದಲಾವಣೆ ದೊಡ್ಡದು. ಪರಿಚಯದ ಒಬ್ಬ ಮನುಷ್ಯನೂ ಇಲ್ಲದ ಹಳ್ಳಿಯ ಹುಡುಗಿ ಬರೀ ರ್‍ಯಾಂಕ್ ಹಿಡಿದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಕಾಲಿಡಬಹುದಾಯಿತು. ಅದಕ್ಕೆ ತೆತ್ತ ಬೆಲೆಯೂ ಇದೆ: ಆಯ್ಕೆಯ ಯಂತ್ರದಲ್ಲಿ ಯಾರೂ ಯಾರ ಕಷ್ಟವನ್ನೂ ಕೇಳಿಸಿಕೊಳ್ಳುವ ಜಾಗ ಉಳಿಯಲಿಲ್ಲ. ಕಷ್ಟ ಏನಿದ್ದರೂ ಅರ್ಜಿಯ ಒಂದು ಕಾಲಂ ಆಗಬೇಕು.

ಗ್ರಾಮೀಣ ಮೀಸಲು ಮತ್ತು ನೆಲಮಂಗಲ

ಆ ಕಾಲಂಗಳಲ್ಲಿ ನೆಲಮಂಗಲದ ಮನೆಗಳು ಹೆಚ್ಚು ಮಾತಾಡುವುದು 'ರೂರಲ್' ಬಗ್ಗೆ. ಸಿಇಟಿ ಮೂಲಕ ಹಂಚುವ ಸರ್ಕಾರಿ ಕೋಟಾದ ಸೀಟುಗಳಲ್ಲಿ ಪ್ರತಿ ವರ್ಗದೊಳಗೂ ಶೇ 15 ಗ್ರಾಮೀಣ ವಿದ್ಯಾರ್ಥಿಗಳಿಗೆ, ಶೇ 5 ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು. ಇವು ಜಾತಿ ಮೀಸಲಾತಿಗೆ ಅಡ್ಡಲಾಗಿ ಹಾಯುತ್ತವೆ. ಪ್ರತಿ ವರ್ಷದ ಕಟಾಫ್ ಪಟ್ಟಿಯಲ್ಲಿ ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 2ಎಕೆ, ಎಸ್‌ಸಿಜಿ, ಎಸ್‌ಸಿಆರ್, ಎಸ್‌ಸಿಕೆ ಎಂದು ಸಾಲುಗಟ್ಟಿ ನಿಂತಿರುವ ಅಕ್ಷರಗಳಲ್ಲಿ ಮೊದಲ ಭಾಗ ವರ್ಗ (ಜಿಎಂ ಎಂದರೆ ಸಾಮಾನ್ಯ ವರ್ಗ), ಕೊನೆಯ 'ಆರ್' ಗ್ರಾಮೀಣ, 'ಕೆ' ಕನ್ನಡ.

ಗ್ರಾಮೀಣ ಎನ್ನಿಸಿಕೊಳ್ಳಲು ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಗಡಿಯೊಳಗೆ ಬರದ ಜಾಗವೇ ಗ್ರಾಮೀಣ ಪ್ರದೇಶ. ಓದಿದ ಶಾಲೆಯ ಮುಖ್ಯೋಪಾಧ್ಯಾಯರು ಬರೆದುಕೊಟ್ಟ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ, ಜನರ ಬಾಯಲ್ಲಿ 'ಬಿಇಒ', ಮೇಲುರುಜು ಬೇಕು. ಶಾಲಾ ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ವಿವರ ದಾಖಲಿಸುವ ಸ್ಯಾಟ್ಸ್ ದತ್ತಾಂಶದೊಂದಿಗೆ ಆನ್‌ಲೈನ್‌ನಲ್ಲೇ ತಾಳೆ ನೋಡುವ ಕ್ರಮವೂ ಈಚೆಗೆ ಬಂದಿದೆ. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲು ಕೇಳುವಾಗ ಕೆನೆಪದರಕ್ಕೆ, ಅಂದರೆ ಆದಾಯ ಮಿತಿ ಮೀರಿದವರ ಗುಂಪಿಗೆ, ಸೇರಿಲ್ಲವೆಂಬ ತಹಶೀಲ್ದಾರರ ಪತ್ರವನ್ನೂ ಕೊಡಬೇಕು.

ನಿಯಮ ನೋಡುವುದು ಶಾಲೆ ಎಲ್ಲಿದೆ ಎಂಬುದನ್ನು. ಮನೆ ಎಲ್ಲಿದೆ ಎಂಬುದನ್ನಲ್ಲ. ನೆಲಮಂಗಲದ ತೊಡಕು ಇಲ್ಲಿಂದ ಹುಟ್ಟುತ್ತದೆ. ಬೆಂಗಳೂರಿನ ವಾಯವ್ಯಕ್ಕೆ ಸುಮಾರು 30 ಕಿ.ಮೀ. ದೂರದ ಈ ಪಟ್ಟಣದಲ್ಲಿ ತುಮಕೂರಿನ ಹೆದ್ದಾರಿಯಿಂದ ಹಾಸನ, ಮಂಗಳೂರಿನ ಹೆದ್ದಾರಿ ಕವಲೊಡೆಯುತ್ತದೆ. ಕಸಬಾ, ಸೋಂಪುರ, ತ್ಯಾಮಗೊಂಡ್ಲು ತಾಲ್ಲೂಕಿನ ಮೂರು ಹೋಬಳಿಗಳು. ಸೋಂಪುರ ಹೋಬಳಿಯ ದಾಬಸ್‌ಪೇಟೆ ಸುತ್ತ ಕೈಗಾರಿಕಾ ಪ್ರದೇಶ ಹಬ್ಬಿ ಹೊಲಗಳು ಶೆಡ್ಡುಗಳಾಗಿವೆ. ಅದೇ ಹೋಬಳಿಯಲ್ಲಿ ಶಿವಗಂಗೆಯ ಬೆಟ್ಟದ ಸುತ್ತ ಇನ್ನೂ ರಾಗಿ ಬೆಳೆಯುವ ಊರುಗಳಿವೆ. ಇಂಥ ಊರಿನ ಕೂಲಿಯೊಬ್ಬ ಸಾಲಸೋಲ ಮಾಡಿ ಮಗಳನ್ನು ಐದನೆಯ ತರಗತಿಗೆ ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದ ಎನ್ನೋಣ. ಆ ಮಗು ದಿನಾ ವ್ಯಾನಿನಲ್ಲಿ ಹೋಗಿಬಂದು ಹಳ್ಳಿಯ ಮನೆಯಲ್ಲೇ ಓದಿದರೂ ಗ್ರಾಮೀಣ ಮೀಸಲು ಹೋಯಿತು, ಕನ್ನಡ ಮಾಧ್ಯಮದ ಮೀಸಲೂ ಹೋಯಿತು. ಹೆದ್ದಾರಿ ಪಕ್ಕದ ಗ್ರಾಮ ಪಂಚಾಯಿತಿ ಎಲ್ಲೆಯೊಳಗೆ ಕಟ್ಟಿದ ಒಳ್ಳೆಯ ವಸತಿ ಶಾಲೆಯಲ್ಲಿ ಹತ್ತು ವರ್ಷ ಓದಿದ ಮಗುವಿಗಾದರೋ ಆದಾಯ ಮಿತಿಯೊಳಗಿದ್ದರೆ ಆ ಸೌಲಭ್ಯ ಸಿಗುತ್ತದೆ. ಅಲ್ಲಿ ಓದುವವರೆಲ್ಲ ಉಳ್ಳವರೆಂದಲ್ಲ. ಆದರೂ ಈ ಇಬ್ಬರಲ್ಲಿ ಹೆಚ್ಚು ಕಷ್ಟಪಟ್ಟವರು ಯಾರು ಎಂಬುದನ್ನು ಈ ಅಳತೆ ಹೇಳಲಾರದು.

ಪಟ್ಟಣದ ಎಲ್ಲೆಯೇ ಸರಿಯುತ್ತಿರುವುದು ಮತ್ತೊಂದು ತೊಡಕು. ನೆಲಮಂಗಲ ಪುರಸಭೆ ಈಚಿನ ವರ್ಷಗಳಲ್ಲಿ ನಗರಸಭೆಯಾಗಿ ಮೇಲ್ದರ್ಜೆಗೇರಿದಾಗ ವಾಜರಹಳ್ಳಿ, ಅರಿಶಿನಕುಂಟೆಯಂಥ ಸುತ್ತಲಿನ ಪಂಚಾಯಿತಿ ಪ್ರದೇಶಗಳು ಅದರೊಳಗೆ ಬಂದವು. ಹಳ್ಳಿಯ ಶಾಲೆಯಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಬೆಂಚು ಬದಲಿಸದೆ ನಗರದ ವಿದ್ಯಾರ್ಥಿಯಾಗಿಬಿಡಬಹುದು. ಅಧಿಸೂಚನೆ ಹೊರಬಿದ್ದ ಮಾತ್ರಕ್ಕೆ ಆ ಶಾಲೆಗೆ ಹೊಸ ಪ್ರಯೋಗಾಲಯ ಬರುವುದಿಲ್ಲ, ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬುವುದಿಲ್ಲ. ಎಲ್ಲೆ ಬದಲಾಗುವ ಮುನ್ನ ಸೇರಿದ ಮಕ್ಕಳಿಗೆ ಹತ್ತನೆಯ ತರಗತಿ ಮುಗಿಯುವವರೆಗೂ ಹಳೆಯ ಸ್ಥಾನಮಾನ ಉಳಿಸುವುದೇ ನ್ಯಾಯ. ರಾಜಧಾನಿಯ ಸುತ್ತ ಪಟ್ಟಣಗಳು ಬೆಳೆಯುತ್ತಿರುವ ವೇಗದಲ್ಲಿ ಇದು ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರಗಳ ಮನೆಗಳ ಪ್ರಶ್ನೆಯೂ ಹೌದು.

ಊರಿನ ಆಧಾರದ ಮೇಲೆ ಸೀಟು ಕೊಡುವುದು ಸಂವಿಧಾನಬದ್ಧವೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪ್ರದೀಪ್ ಟಂಡನ್ ಪ್ರಕರಣದಲ್ಲಿ (1975) ಕಟ್ಟುನಿಟ್ಟಾದ ಉತ್ತರ ಕೊಟ್ಟಿತ್ತು: ಗುಡ್ಡಗಾಡಿನ ಜನರಿಗೆ ಮೀಸಲು ಸರಿ, ಇಡೀ ಗ್ರಾಮೀಣ ಜನಸಮೂಹವನ್ನು ಹಿಂದುಳಿದ ವರ್ಗವೆನ್ನಲಾಗದು. ಕರ್ನಾಟಕದ ನಿಯಮ ಹುಟ್ಟಿದೂರನ್ನು ಬಿಟ್ಟು ಓದಿದ ಶಾಲೆಯನ್ನು ಹಿಡಿದಿರುವುದು, ಅದಕ್ಕೆ ಆದಾಯದ ಷರತ್ತು ಕೂಡಿಸಿರುವುದು ಈ ಹಿನ್ನೆಲೆಯಲ್ಲಿ ಗಮನಿಸಬೇಕಾದದ್ದು. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ 7.5 ಒಳಮೀಸಲು ತಂದಿತು. ಮದ್ರಾಸ್ ಹೈಕೋರ್ಟ್ 2022ರಲ್ಲಿ ಅದನ್ನು ಎತ್ತಿಹಿಡಿಯಿತು. ನೆಲಮಂಗಲದಂಥ ಬೆರಕೆ ಪ್ರದೇಶಕ್ಕೆ ಶಾಲೆಯ ವಿಳಾಸಕ್ಕಿಂತ ಶಾಲೆಯ ಬಗೆಯನ್ನು ನೋಡುವ ಆ ಅಳತೆ ಹೆಚ್ಚು ಒಗ್ಗುತ್ತದೆ.

ಆದಾಯ, ಶುಲ್ಕ, ಬೇಸಾಯ

ಜಾತಿ ಮತ್ತು ಆದಾಯದ ಪತ್ರಗಳಿಗೆ ಹೋಬಳಿ ಮಟ್ಟದ ನಾಡಕಚೇರಿಯೇ ದಾರಿ. ಗ್ರಾಮ ಆಡಳಿತ ಅಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಮತ್ತು ಕಂದಾಯ ನಿರೀಕ್ಷಕರ ವರದಿಯ ಮೇಲೆ ಪತ್ರ ಹೊರಡುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಸಿಇಟಿ ಅರ್ಜಿಯಲ್ಲಿ ತುಂಬಬೇಕು. ಹಿಂದುಳಿದ ವರ್ಗಗಳಿಗೆ ಪ್ರವರ್ಗ-1ಕ್ಕೆ ಶೇ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5ರ ಮೀಸಲಿದೆ. ಪರಿಶಿಷ್ಟ ಜಾತಿಯ ಪಾಲನ್ನು ಶೇ 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ ಪಾಲನ್ನು ಶೇ 3ರಿಂದ 7ಕ್ಕೆ ಏರಿಸುವ ಕಾನೂನನ್ನು ರಾಜ್ಯ 2022ರಲ್ಲಿ ತಂದಿತು.

ಜಾತಿಯನ್ನು ನೋಡದೆ ಬಡತನವನ್ನಷ್ಟೇ ನೋಡುವ ಬಾಗಿಲು ಸೂಪರ್‌ನ್ಯೂಮರರಿ ಕೋಟಾ, ಅಂದರೆ 'ಎಸ್‌ಎನ್‌ಕ್ಯೂ'. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಯೋಜನೆಯಂತೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಂಜೂರಾದ ಸಂಖ್ಯೆಯ ಮೇಲೆ ಶೇ 5 ಹೆಚ್ಚುವರಿ ಸೀಟು ಇದಕ್ಕಿದೆ. ಪೋಷಕರ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿದ್ದವರಿಗೆ ರ್‍ಯಾಂಕಿನ ಪ್ರಕಾರ ಕೊಟ್ಟು ಬೋಧನಾ ಶುಲ್ಕ ಮನ್ನಾ ಮಾಡುತ್ತಾರೆ. ಸೀಟು ಸಿಕ್ಕ ಮೇಲೆ ಕಾಲೇಜನ್ನಾಗಲಿ ಕೋರ್ಸನ್ನಾಗಲಿ ಬದಲಾಯಿಸುವಂತಿಲ್ಲ. 8 ಲಕ್ಷವೆಂಬ ಮಿತಿ ಬಹಳ ಅಗಲವಾದದ್ದು. ದಾಬಸ್‌ಪೇಟೆಯ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನ ಮಗ, ವರ್ಷಕ್ಕೆ ಏಳೂವರೆ ಲಕ್ಷ ಸಂಬಳವಿರುವವರ ಮಗ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಕೋಚಿಂಗಿಗೆ ಹೋಗಿ ಬಂದವನು ಸಹಜವಾಗಿ ಮುಂದಿರುತ್ತಾನೆ.

ಸೀಟು ಸಿಕ್ಕವರ ಖರ್ಚಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಊಟ-ವಸತಿಯ ನೆರವಾದ ವಿದ್ಯಾಸಿರಿ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ನೆರವು ಇವೆ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಎಂಜಿನಿಯರಿಂಗ್, ವೈದ್ಯಕೀಯ ಓದುವ ರೈತರ ಮಕ್ಕಳಲ್ಲಿ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ರೂಪಾಯಿ ಕೊಡುವಂತೆ ರೂಪುಗೊಂಡಿತು.

ಕೃಷಿ ವಿಶ್ವವಿದ್ಯಾಲಯಗಳ ಕೋಟಾ ಇವೆಲ್ಲಕ್ಕಿಂತ ಭಿನ್ನ ಮತ್ತು ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಚೆನ್ನಾಗಿ ಯೋಚಿಸಿದ್ದು. ಕೃಷಿಕರ ಮಕ್ಕಳಿಗೆ ಮೊದಲಿದ್ದ ಶೇ 40ರ ಮೀಸಲನ್ನು 2021ರಲ್ಲಿ ಶೇ 50ಕ್ಕೆ ಏರಿಸಲಾಯಿತು. ಇದಕ್ಕೆ ಕಾಗದವಷ್ಟೇ ಸಾಲದು. ಅಭ್ಯರ್ಥಿ ಪ್ರಾಯೋಗಿಕ ಪರೀಕ್ಷೆಗೆ ಬಂದು ಬೀಜ, ಬೆಳೆ, ಗೊಬ್ಬರ, ಉಪಕರಣಗಳನ್ನು ಗುರುತಿಸಬೇಕು. ಹೊಲದಲ್ಲಿ ಕಳೆ ಕಿತ್ತ, ಕಣದಲ್ಲಿ ರಾಗಿ ತೂರಿದ ಮಗುವಿನ ದುಡಿಮೆ ಇಲ್ಲಿ ಅಂಕವಾಗುತ್ತದೆ. ಓದಿಗೆ ಅಡ್ಡಿಯಾದ ಕೆಲಸವನ್ನೇ ಅರಿವಾಗಿ ಎಣಿಸುವ ಪದ್ಧತಿ ಉನ್ನತ ಶಿಕ್ಷಣದಲ್ಲಿ ಅಪರೂಪ.

ಅಂಗವೈಕಲ್ಯ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 32ನೇ ಸೆಕ್ಷನ್ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ಕ್ಕೆ ಕಡಿಮೆಯಾಗದ ಮೀಸಲು ಮತ್ತು ವಯೋಮಿತಿಯಲ್ಲಿ ಐದು ವರ್ಷದ ಸಡಿಲಿಕೆಯನ್ನು ಕಡ್ಡಾಯ ಮಾಡಿದೆ. ಶೇ 40 ಅಥವಾ ಅದಕ್ಕೆ ಮೇಲ್ಪಟ್ಟ ಅಂಗವೈಕಲ್ಯಕ್ಕೆ ಇದು ಅನ್ವಯ. ಪರೀಕ್ಷೆಯಲ್ಲಿ ಬರಹಗಾರರ ನೆರವು, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯಕ್ಕೂ ಅವಕಾಶವಿದೆ.

ಒಂಟಿ ಕಷ್ಟಕ್ಕೆ ಕಾಲಂ ಎಲ್ಲಿ?

ಇಲ್ಲಿಯವರೆಗಿನದೆಲ್ಲ ಗುಂಪಿನ ಕಷ್ಟ. ಪರೀಕ್ಷೆಗೆ ವಾರವಿರುವಾಗ ತಂದೆ ತೀರಿಕೊಂಡ ಹುಡುಗ, ಎರಡನೆಯ ಪಿಯು ವರ್ಷವಿಡೀ ತಾಯಿಯ ಡಯಾಲಿಸಿಸ್‌ಗೆಂದು ಬೆಂಗಳೂರಿಗೆ ಓಡಾಡಿದ ಹುಡುಗಿ ಯಾವ ಕಾಲಂ ತುಂಬಬೇಕು? ಸಿಇಟಿ ವರ್ಷಕ್ಕೊಮ್ಮೆ. ಆ ದಿನ ಆಸ್ಪತ್ರೆಯಲ್ಲಿದ್ದವರಿಗೆ ಮರುಪರೀಕ್ಷೆಯಿಲ್ಲ. ಎಂಜಿನಿಯರಿಂಗ್ ರ್‍ಯಾಂಕಿನಲ್ಲಿ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಎರಡರಲ್ಲೂ ಕಷ್ಟದ ವರ್ಷದ ಗುರುತು ಬೀಳುತ್ತದೆ.

ಕೆಲವು ಅಪವಾದಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದುಕಾಣುತ್ತದೆ. 2020ರ ಜುಲೈ 30 ಮತ್ತು 31ರಂದು ಕೋವಿಡ್ ನಡುವೆಯೇ ಸಿಇಟಿ ನಡೆದಾಗ ಸೋಂಕಿತ ವಿದ್ಯಾರ್ಥಿಗಳಿಗೆ ಆರೈಕೆ ಕೇಂದ್ರಗಳಲ್ಲೇ ಬರೆಯುವ ಏರ್ಪಾಡಾಯಿತು. 2021ರಲ್ಲಿ ಪಿಯು ಪರೀಕ್ಷೆಯೇ ರದ್ದಾದಾಗ ಬರೀ ಸಿಇಟಿ ಅಂಕದಿಂದ ರ್‍ಯಾಂಕ್ ಕೊಡಲಾಯಿತು. ಆ ತಂಡದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕಗಳನ್ನು ಪ್ರಾಧಿಕಾರ ಲೆಕ್ಕಕ್ಕೆ ಹಿಡಿಯಲಿಲ್ಲ. ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಆ ಅಂಕಗಳಲ್ಲಿ ಒಂದಿಷ್ಟು ಕಳೆದು ಉಳಿದದ್ದನ್ನು ಸೇರಿಸುವ ರಾಜಿಸೂತ್ರ ಬಂತು. 2025ರ ಏಪ್ರಿಲ್‌ನಲ್ಲಿ ಬೀದರ್‌ನಲ್ಲಿ ಜನಿವಾರ ತೆಗೆಯಲು ಒಪ್ಪದ ಕಾರಣಕ್ಕೆ ವಿದ್ಯಾರ್ಥಿಯೊಬ್ಬನಿಗೆ ಗಣಿತ ಪರೀಕ್ಷೆ ತಪ್ಪಿದಾಗ ಮರುಪರೀಕ್ಷೆ ಅಥವಾ ಉಳಿದ ವಿಷಯಗಳ ಆಧಾರದ ರ್‍ಯಾಂಕ್ ಎಂಬ ಆಯ್ಕೆಯನ್ನು ಸರ್ಕಾರ ಮುಂದಿಟ್ಟಿತು. ಎಲ್ಲರಿಗೂ ಬಂದ ವಿಪತ್ತಿಗೆ, ವ್ಯವಸ್ಥೆಯೇ ಮಾಡಿದ ತಪ್ಪಿಗೆ ದಾರಿ ಹುಡುಕುವುದು ಸಾಧ್ಯ ಎಂಬುದು ಇದರಿಂದ ಸಾಬೀತಾಗಿದೆ. ಒಂದೇ ಮನೆಗೆ ಬಂದ ವಿಪತ್ತಿಗೆ ಮಾತ್ರ ಆ ದಾರಿ ತೆರೆದಿಲ್ಲ.

ಪೂರ್ತಿ ಕತ್ತಲೆಯೇನೂ ಇಲ್ಲ. 2023-24ನೇ ಸಾಲಿನಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸಿ ಉತ್ತಮ ಅಂಕವನ್ನು ಉಳಿಸಿಕೊಳ್ಳಲು ಬಿಟ್ಟಿದೆ. ಯಾವ ಅರ್ಜಿಯನ್ನೂ ಕೇಳದೆ, ಯಾರ ಮುಂದೆಯೂ ಕಣ್ಣೀರು ಹಾಕಿಸದೆ ಕಷ್ಟದ ತಿಂಗಳನ್ನು ದಾಟಿಸುವ ಈ ಕ್ರಮ ಈಚಿನ ಒಳ್ಳೆಯ ಸುಧಾರಣೆಗಳಲ್ಲೊಂದು. ಕೋವಿಡ್‌ನಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ರಾಜ್ಯದ ಬಾಲ ಸೇವಾ ಯೋಜನೆ ತಿಂಗಳಿಗೆ 3,500 ರೂಪಾಯಿ ನೆರವು ಘೋಷಿಸಿತು. ಪದವಿ ಕಾಲೇಜುಗಳಲ್ಲಿ ಗಡುವು ಮೀರಿದವರು ಕಾರಣ ತಿಳಿಸಿ, ದಂಡ ಶುಲ್ಕ ಕಟ್ಟಿ, ವಿಶ್ವವಿದ್ಯಾಲಯದ ಅನುಮತಿಯಿಂದ ಸೇರುವ ಪರಿಪಾಠವಿದೆ. ಓದು ಬಿಟ್ಟು ವರ್ಷಗಳಾದವರಿಗೆ 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ.

ಕೊನೆಯ ಬಾಗಿಲು ನ್ಯಾಯಾಲಯ. ಉತ್ತರ ಪ್ರದೇಶದ ದಿನಗೂಲಿ ಕಾರ್ಮಿಕರೊಬ್ಬರ ದಲಿತ ಮಗ 17,500 ರೂಪಾಯಿ ಹೊಂದಿಸಿ ಕಟ್ಟುವಷ್ಟರಲ್ಲಿ ಗಡುವು ಮುಗಿದು ಧನಬಾದ್ ಐಐಟಿಯ ಸೀಟು ಕಳೆದುಕೊಂಡಿದ್ದ. 2024ರ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ, ಬೇರೆಯವರ ಸೀಟಿಗೆ ಧಕ್ಕೆಯಾಗದಂತೆ ಹೆಚ್ಚುವರಿ ಸೀಟು ಸೃಷ್ಟಿಸಿ ಅವನನ್ನು ಸೇರಿಸಿಕೊಳ್ಳಲು ಹೇಳಿತು. ತೀರ್ಪು ಸಮಾಧಾನ ತರುವಂಥದ್ದೇ; ಆದರೆ ಫೀಸು ಕಟ್ಟಲಾಗದ ಎಷ್ಟು ಮನೆಗಳು ದೆಹಲಿಯವರೆಗೆ ಹೋಗಬಲ್ಲವು?

ಬೇರೆಡೆಯ ಪದ್ಧತಿಗಳು

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ, ಕಾಶ್ಮೀರಿ ವಲಸಿಗರಿಗೆ ಪ್ರವೇಶ ಪರೀಕ್ಷೆಯ ಅಂಕಕ್ಕೆ 'ವಂಚಿತ ಅಂಕ'ಗಳನ್ನು ಕೂಡಿಸುವ ಪದ್ಧತಿಯನ್ನು ರೂಢಿಸಿತು. ಜಿಲ್ಲೆಯ ಸ್ತ್ರೀ ಅನಕ್ಷರತೆ, ಕೃಷಿ ಕೆಲಸಗಾರರ ಪ್ರಮಾಣ, ಶೌಚಾಲಯವಿಲ್ಲದ ಮನೆಗಳು ಅದರ ಅಳತೆಗಳಲ್ಲಿ ಸೇರಿದ್ದವು. 1980ರ ದಶಕದಲ್ಲಿ ನಿಂತುಹೋದ ಅದು ವಿದ್ಯಾರ್ಥಿಗಳ ಒತ್ತಾಯದಿಂದ 1990ರ ದಶಕದಲ್ಲಿ ಮರಳಿತು. ದೆಹಲಿ ವಿಶ್ವವಿದ್ಯಾಲಯ 2023-24ರಿಂದ ಪ್ರತಿ ಕೋರ್ಸಿನಲ್ಲಿ ಒಬ್ಬ ಅನಾಥ ಹುಡುಗ, ಒಬ್ಬ ಅನಾಥ ಹುಡುಗಿಗೆ ಹೆಚ್ಚುವರಿ ಸೀಟು ಕೊಟ್ಟು ಶುಲ್ಕ ಮನ್ನಾ ಮಾಡಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕುಟುಂಬದಲ್ಲಾದ ಸಾವು, ಕಾಯಿಲೆ, ಹಣದ ಮುಗ್ಗಟ್ಟನ್ನು ಶಾಲೆಯ ಹೇಳಿಕೆಯೊಂದಿಗೆ ಪ್ರವೇಶ ಕೇಂದ್ರಕ್ಕೆ ತಿಳಿಸಬಹುದು. ಅದನ್ನು ಒಪ್ಪಿದ ವಿಶ್ವವಿದ್ಯಾಲಯ ಆಯ್ಕೆಯಲ್ಲಿ ಹೆಚ್ಚುವರಿ ಅಂಕ ಕೂಡಿಸಬಹುದು.

ಇಂಥ ಕ್ರಮ ನಮ್ಮಲ್ಲಿ ಬಂದರೆ ಸುಳ್ಳು ಪತ್ರಗಳು ಬರುತ್ತವೆ, ಶಿಫಾರಸು ನುಸುಳುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಸಂದರ್ಶನದ ಕಾಲವನ್ನು ಕಂಡ ರಾಜ್ಯ ಇದು. ಆದರೆ ದೆಹಲಿಯಂತೆ ಪ್ರತಿ ಕೋರ್ಸಿನಲ್ಲಿ ಒಂದೆರಡು ಹೆಚ್ಚುವರಿ ಸೀಟು, ಮರಣ ಪ್ರಮಾಣಪತ್ರ ಅಥವಾ ಸರ್ಕಾರಿ ಆಸ್ಪತ್ರೆಯ ದಾಖಲೆಯಂಥ ಗಟ್ಟಿ ಪುರಾವೆ, ಹೆಸರು ಕಾಣದಂತೆ ಪರಿಶೀಲಿಸುವ ಸಮಿತಿ ಇಷ್ಟಿದ್ದರೆ ಯಾರ ಸೀಟನ್ನೂ ಕಸಿಯದೆ ಇದನ್ನು ನಡೆಸಬಹುದು. ಸಿಇಟಿ ದಿನ ಹಾಸಿಗೆ ಹಿಡಿದವರಿಗೆ ಎರಡನೆಯ ಪರೀಕ್ಷೆಯನ್ನಂತೂ ತಡಮಾಡದೆ ಕೊಡಬೇಕು.

ಅರ್ಜಿದಾರರಿಗೆ

ಈಗಿನ ನಿಯಮದಲ್ಲಿ ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಹಕ್ಕು ಕಳೆದುಹೋಗುವುದು ಸಿಇಟಿ ವರ್ಷದಲ್ಲಲ್ಲ, ಪ್ರಾಥಮಿಕ ಶಾಲೆಯಲ್ಲಿ. ನೆಲಮಂಗಲ ತಾಲ್ಲೂಕಿನ ಪೋಷಕರು ಮಕ್ಕಳ ಶಾಲೆ ಬದಲಿಸುವ ಮುನ್ನ ಆ ಶಾಲೆ ನಗರಸಭೆಯ ಎಲ್ಲೆಯಲ್ಲಿದೆಯೋ ಪಂಚಾಯಿತಿಯಲ್ಲಿದೆಯೋ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ಓದಿದ ಪ್ರತಿ ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು ಟಿಸಿ ಪಡೆಯುವಾಗಲೇ ತೆಗೆದಿಟ್ಟುಕೊಳ್ಳಬೇಕು, ಮನೆಯ ವರಮಾನ ಕುಸಿದಿದ್ದರೆ ನಾಡಕಚೇರಿಯಿಂದ ಹೊಸ ಆದಾಯ ಪತ್ರ ಪಡೆಯಬೇಕು. ಸಿಇಟಿ ಅರ್ಜಿ ತುಂಬುವ ಹೊತ್ತಿಗೆ ಗುರುತು ಹಾಕದೆ ಬಿಟ್ಟ ಕಾಲಮ್ಮನ್ನು ಸೀಟು ಹಂಚಿಕೆ ಶುರುವಾದ ಮೇಲೆ ಕೇಳಿ ಪಡೆಯುವುದು ಬಹಳ ಕಷ್ಟ.